ಸೆಂಡಾಯ್‌ನಲ್ಲಿ ಬಾಸ್ಟನ್ನಿನ ಚಹಾ

ಸೆಂಡಾಯ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಟೋಕಿಯೊ ರೈಲಿಗಾಗಿ ಕಾಯುತ್ತಿದ್ದೆವು. ಮಗಳು ಅನಘಾ, ನನ್ನ ಗಂಡನ ಸಹೋದ್ಯೋಗಿ ಎಲೆನ್‌ಗೆ ಅಂಟಿಕೊಂಡು ಕೂತಿದ್ದಳು. ಎಲೆನ್ ಅಮೆರಿಕದ ಬಾಸ್ಟನ್ನಿನವಳು. ಬ್ರಿಟಿಷರ ಆಳ್ವಿಕೆಯಲ್ಲಿ ತನ್ನ ಊರಿನವರು ಚಹಾ ಪೆಟ್ಟಿಗೆಗಳನ್ನು ಒಡೆದು ಸಮುದ್ರಕ್ಕೆ ಸುರಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಟೀ ಅಷ್ಟು ಕಾಸ್ಟ್ಲಿ ಆಗಿತ್ತಾ?" ಎಂದಳು ಅನಘಾ.

"ಇಲ್ಲ, ಮೊದಲಿಗಿಂತ ಅಗ್ಗವಾಗಿತ್ತು. ಆದರೆ ತೆರಿಗೆ ಹಾಕಿದ ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ನಮ್ಮನ್ನು ಕೇಳದೆ ಹಾಕಿದ ತೆರಿಗೆ ಕೊಡುವುದಿಲ್ಲ ಅಂದರು."

ಅನಘಾ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಮೈಸೂರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದವಳು ನಾನು. ಮೊನ್ನೆ ಇದೇ ಕಥೆಯನ್ನು ಕನ್ನಡದಲ್ಲಿ ಶುರು ಮಾಡಿದಾಗ "ಲೇಟರ್, ಅಮ್ಮ" ಎಂದು ಎದ್ದುಹೋಗಿದ್ದಳು. ಎಲೆನ್ ಒಳ್ಳೆಯವಳು. ಆದರೂ ಹೊಟ್ಟೆ ಉರಿಯಿತು.

ತಡೆಯಲಾರದೆ ಬಾಯಿ ಹಾಕಿದೆ. "ಸಮುದ್ರಕ್ಕೆ ಸುರಿದಿದ್ರಲ್ಲಿ ಗ್ರೀನ್ ಟೀನೂ ಇತ್ತು ಪುಟ್ಟಾ. ಚೀನಾದಿಂದ ಬಂದಿದ್ದು. ನೀನು ಈಗ ಕುಡೀತಿದೀಯಲ್ಲ, ಹೆಚ್ಚೂಕಡಿಮೆ ಅದೇ ಥರದ್ದು."

ಅನಘಾ ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ ಎಲೆನ್‌ಗೆ ಹೇಳಿ, "ನಿಜವಾ?" ಎಂದು ಅವಳನ್ನೇ ಕೇಳಿದಳು.

"ನನಗೆ ಗೊತ್ತಿರಲಿಲ್ಲ. ನಿಮ್ಮಮ್ಮನಿಗೇ ಚೆನ್ನಾಗಿ ಗೊತ್ತು, ಅವರನ್ನೇ ಕೇಳು," ಎಂದಳು ಎಲೆನ್.

ಅನಘಾ ನನ್ನ ಕಡೆ ತಿರುಗಲಿಲ್ಲ. ಎಲೆನ್‌ಳ ತೋಳು ಹಿಡಿದು, "ಆಮೇಲೆ ಏನಾಯ್ತು?" ಎಂದಳು.