ಕೌದಿಯ ಊಟ

ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅಖ್ತರಿಯನ್ನು ತಡೆದದ್ದು ಒಂದೇ ಸಲ. ಹೆಗಲ ಮೇಲೆ ಖಾಲಿ ಚೀಲ ಹಾಕಿಕೊಂಡು ಬಂದ ಹೆಂಗಸನ್ನು ಅವನು ಎಲ್ಲಿಗೆಂದು ಕೇಳಿದ. "ಸೆಕ್ರೆಟರಿ ಕೆ ಘರ್‌ಕು" ಎಂದು ನಡೆದೇಬಿಟ್ಟಳು. ಸೆಕ್ರೆಟರಿ ಯಾರು, ಅವರ ಮನೆ ಯಾವ ಮಾಳಿಗೆಯಲ್ಲಿದೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಲಿಫ್ಟಿನಿಂದ ಇಳಿದವಳ ಕಣ್ಣಿಗೆ ನನ್ನ ಬಾಗಿಲ ಮೇಲಿನ ಕನ್ನಡ ಬೋರ್ಡು ಬಿತ್ತು, ಬೆಲ್ಲು ಒತ್ತಿದಳು.

"ಅಕ್ಕಾರ, ನೀವು ಕನ್ನಡದವರು, ಚಲೋ ಆತು. ಕಪಾಟ ತಗೀರಿ, ಉಡಲಾರದ ಸೀರಿ ಎಷ್ಟ ಅದಾವ ನೋಡೂಣು."

ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಒಂದು ಜೀವಮಾನ ಮಕ್ಕಳ ಚೀಲ ತೆಗೆಸಿದವಳು ನಾನು. ನನ್ನ ಕಪಾಟು ತೆಗೆಸಿದವರು ಅದುವರೆಗೆ ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ರಾಶಿ ಸೀರೆ ಹೋಯಿತು, ಅದರಲ್ಲಿ ನಾನಿನ್ನೂ ಉಡುತ್ತಿದ್ದದ್ದೂ ಒಂದಿತ್ತು. ಆರು ತಿಂಗಳ ಮೇಲೆ ಅದೇ ಸೀರೆಗಳು ಒಂದು ಕೌದಿಯಾಗಿ ನನ್ನ ಮನೆಗೆ ವಾಪಸು ಬಂದವು. ದುಡ್ಡು ಕೊಟ್ಟು ಕೊಂಡೆ! ನನ್ನ ಸೀರೆಯನ್ನು ನನಗೇ ಮಾರಿದ ಹೆಂಗಸಿನ ಮೇಲೆ ಅವತ್ತಿನಿಂದ ನನಗೆ ವಿಪರೀತ ಪ್ರೀತಿ.

ಅಖ್ತರಿ ಸಿಂದಗಿ ಕಡೆಯವಳು. ಗಂಡ ಫಿರೋಜ ಬೈಕುಲ್ಲಾದ ವರ್ಕ್‌ಶಾಪೊಂದರಲ್ಲಿ ಸೋಫಾಗಳಿಗೆ ಬಟ್ಟೆ ಹೊದಿಸುತ್ತಾನೆ. ಅವರ ಚಾಳಿನಲ್ಲಿ ವಿಜಯಪುರ, ಕಲಬುರಗಿ ಕಡೆಯ ಹೆಂಗಸರು ತುಂಬ. ಬೆಳಿಗ್ಗೆ ನಮ್ಮಂಥವರ ಮನೆಗಳಲ್ಲಿ ಪಾತ್ರೆ ಬಟ್ಟೆ, ಮಧ್ಯಾಹ್ನ ಕೈ ಖಾಲಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲೇ ಸಾಲು ಹೊಲಿಗೆ ಹಾಕಿ ಕೌದಿ ಮಾಡುವುದು ಅವರಿಗೆ ಹುಟ್ಟಿದೂರಿನಿಂದ ಬಂದ ವಿದ್ಯೆ. ನಮ್ಮ ಕಪಾಟುಗಳಲ್ಲಿ ಕೊಳೆಯುತ್ತಿದ್ದ ಸೀರೆ, ಅವರ ಖಾಲಿ ಮಧ್ಯಾಹ್ನ, ಇವೆರಡನ್ನೂ ಸೇರಿಸಿ ಹೊಲಿದವಳು ಅಖ್ತರಿ. ಬಂದ ದುಡ್ಡನ್ನು ಹೊಲಿದವರೆಲ್ಲ ಹಂಚಿಕೊಳ್ಳುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಬುಷರಾ ಇದನ್ನು "ಸೋಷಿಯಲ್ ಎಂಟರ್‌ಪ್ರೈಸ್, ಮಮ್ಮಿ" ಎಂದಾಗ ಅಖ್ತರಿ, "ಏನರ ಅನ್ನು, ದಾರದ ಉಂಡಿ ಇತ್ಲಾಗ ಕೊಡು" ಅಂದಳಂತೆ. ಸಭೆಗಳಲ್ಲಿ ಮಹಿಳಾ ಸಬಲೀಕರಣದ ಭಾಷಣ ಕೇಳಿದಾಗೆಲ್ಲ ನನಗೆ ಆ ದಾರದ ಉಂಡೆ ನೆನಪಾಗಿ ನಗು ಬರುತ್ತದೆ.

ಹೊಲಿಗೆಯಲ್ಲಿ ಎಲ್ಲರಿಗೂ ಹಿರಿಯಳು ದಾನವ್ವ. ಕಣ್ಣು ಮಂಜಾದರೂ ಅವಳ ಸಾಲು ಸೊಟ್ಟಗಾಗುವುದಿಲ್ಲ. ಕಿರಿಯರಿಗೆಲ್ಲ ಕೌದಿ ಕಲಿಸಿದವಳು ಅವಳೇ, ಹಾಗಾಗಿ ಕೊನೆಯ ಮೂಲೆ ಮುಚ್ಚುವ ಹಕ್ಕೂ ಅವಳದೇ. ಮುಚ್ಚುವ ಮೊದಲು ಒಂದು ಚೂರು ಜೋಳದ ರೊಟ್ಟಿಯನ್ನು ಒಳಗಿಟ್ಟು, "ಉಂಡ್ಯಾ?" ಎಂದು ಕೌದಿಯನ್ನು ತಟ್ಟಿ ಕೇಳಿ, ಆಮೇಲೆ ಹೊಲಿಯುತ್ತಾಳೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬುದು ಅವರ ಕಡೆಯ ನಂಬಿಕೆ.

ಸಾಂತಾಕ್ರೂಜ್‌ನಲ್ಲಿ ಹೋಟೆಲು, ಮೇಲೆ ಲಾಡ್ಜಿಂಗ್ ನಡೆಸುವ ಸದಾನಂದ ಶೆಟ್ಟರು ನಮ್ಮ ಕನ್ನಡ ಸಂಘದವರು. ನನ್ನ ಮನೆಯ ಕೌದಿಯನ್ನು ಮುಟ್ಟಿ ನೋಡಿ, ತಮ್ಮ ಎಲ್ಲ ರೂಮುಗಳ ಮಂಚಕ್ಕೂ ಒಂದೊಂದು ಬೇಕೆಂದರು. ಮೊದಲು ಹತ್ತು ಕಳಿಸಿ, ಚೆನ್ನಾಗಿದ್ದರೆ ಉಳಿದದ್ದು ಎಂದರು. ಆ ಮಾತನ್ನು ನಂಬಿ ಅಖ್ತರಿ ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ ಬಾಡಿಗೆಗೆ ಹಿಡಿದಳು. ವರ್ಕ್‌ಶಾಪಿನ ಒಂದೇ ಕೋಣೆ, ಆದರೆ ಫ್ಯಾನು, ಟ್ಯೂಬ್‌ಲೈಟು, ಕೌದಿಯನ್ನು ಪೂರಾ ಹಾಸುವಷ್ಟು ನೆಲ. ಚಾಳಿನ ಗ್ಯಾಲರಿಯಲ್ಲಿ ಮುದುಡಿ ಕೂತು ಹೊಲಿದವರು ಮೊದಲ ದಿನ ಅಲ್ಲಿ ಸುಮ್ಮನೆ ಕಾಲು ಚಾಚಿ ಕೂತಿದ್ದರು. ಶೆಟ್ಟರ ಆರ್ಡರು ಕೈತಪ್ಪಿದರೆ ಗಾಲಾ ಬಿಟ್ಟು ಮತ್ತೆ ಗ್ಯಾಲರಿಗೇ ಹೋಗಬೇಕಿತ್ತು.

ಹತ್ತು ಕೌದಿ ಹೋದವು. ಸ್ವಲ್ಪ ದಿನಕ್ಕೆ ಶೆಟ್ಟರ ಫೋನು ನನಗೇ ಬಂತು.

"ಎಂತದು ಅಕ್ಕ ಇದು? ರೂಮಿಡೀ ಇರುವೆ! ಗಿರಾಕಿ ಮಧ್ಯರಾತ್ರಿ ಎದ್ದು ಕುಣಿದಿದ್ದಾನೆ ಮಾರಾಯ್ರೆ!"

ಅಖ್ತರಿ, ದಾನವ್ವ, ನಾನು ಮೂವರೂ ಲಾಡ್ಜಿಗೆ ಓಡಿದೆವು. ಇರುವೆ ಸಾಲು ನೇರವಾಗಿ ಕೌದಿಯ ಕೊನೆಯ ಮೂಲೆಗೇ ಹೋಗುತ್ತಿತ್ತು. ದಾನವ್ವ ಬಿಚ್ಚಿದಳು. ಒಳಗಿದ್ದದ್ದು ಬರೀ ರೊಟ್ಟಿಯಲ್ಲ. ತುಪ್ಪ ಸವರಿ, ಬೆಲ್ಲ ಇಟ್ಟು ಮಡಚಿದ ರೊಟ್ಟಿ!

"ದೊಡ್ಡವರ ಮನಿಗೆ ಹೊಂಟಿದ್ದು," ಎಂದಳು ದಾನವ್ವ. "ಒಣಾ ರೊಟ್ಟಿ ಹಾಕಿ ಹೆಂಗ ಕಳಸೂದ್ರಿ?"

ಅವಳ ಉದಾರಬುದ್ಧಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೋದಾಮಿನ ಇರುವೆ, ಟೆಂಪೋದ ಇರುವೆ ಎಂದು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಖ್ತರಿ ಹಾಗೆ ಮಾಡಲಿಲ್ಲ. "ನಾವ ಇಟ್ಟೀವ್ರಿ, ತಪ್ಪು ನಮ್ದು. ಹತ್ತೂ ಒಯ್ದು ತೊಳದು ಹೊಲದು ತರ್ತೀವಿ" ಎಂದು ಕೌದಿಗಳನ್ನು ಹೊರಿಸಿಕೊಂಡು ಬಂದಳು.

ತೊಳೆದದ್ದಾಯಿತು, ಒಣಗಿದ್ದಾಯಿತು. ಮೂಲೆ ಮುಚ್ಚುವ ದಿನ ನಾನೂ ಗಾಲಾದಲ್ಲಿದ್ದೆ. ಅಖ್ತರಿ ಹೇಳಿದಳು, "ಇನ್ನ ರೊಟ್ಟಿ ಬ್ಯಾಡವ್ವಾ."

ದಾನವ್ವ ಸೂಜಿ ಕೆಳಗಿಟ್ಟಳು. "ಹಸದ ಕೌದಿ ನಾ ಮುಚ್ಚಂಗಿಲ್ಲ. ಮುಚ್ಚೋರ ಕಡೆ ಮುಚ್ಚಿಸ್ಕೋ."

ಬೇರೆ ಯಾರೂ ಆ ಮೂಲೆ ಮುಟ್ಟುವುದಿಲ್ಲವೆಂದು ಅಖ್ತರಿಗೂ ಗೊತ್ತಿತ್ತು. ನಾನು ಸುಮ್ಮನಿರಲಾರದೆ ಮೇಷ್ಟರ ಬುದ್ಧಿ ತೋರಿಸಿದೆ. ರೊಟ್ಟಿಯ ಹಾಗೆ ದುಂಡಗೆ ಬಟ್ಟೆ ಕತ್ತರಿಸಿ ಇಟ್ಟರಾಯಿತು ಎಂದೆ.

"ನೀವು ಮಧ್ಯಾಹ್ನ ಅರಿವಿ ಉಣತೀರೇನ್ರಿ ಅಕ್ಕಾರ?" ಎಂದಳು ದಾನವ್ವ.

ಅಖ್ತರಿ ದಾನವ್ವನ ಎದುರು ಕೂತಳು. ಅವಳ ಕಣ್ಣು ಮುದುಕಿಯ ಪಕ್ಕದಲ್ಲಿದ್ದ ಬುತ್ತಿಯ ಗಂಟಿನ ಮೇಲಿತ್ತು.

"ಅವ್ವಾ, ಮುಂಜಾನಿಂದ ನೀ ಏನ ಉಂಡಿ?"

"ಚಾ ಕುಡದೇನಿ."

"ಕೌದ್ಯಾಗ ಇಡೂ ರೊಟ್ಟಿ ಎಲ್ಲಿಂದು?"

ದಾನವ್ವನ ಪಕ್ಕದವಳು ಉತ್ತರ ಕೊಟ್ಟಳು: "ಆಕಿ ಬುತ್ತೀದ್ರಿ. ಆಕಿದಷ್ಟ ಅಲ್ಲ, ನಾವೂ ಪಾಳಿ ಮ್ಯಾಲ ಕೊಡತೀವಿ."

ನಾಲ್ಕು ಮನೆ ಕೆಲಸ ಮುಗಿಸಿ, ಬರೀ ಚಹಾದ ಮೇಲೆ ಬಂದು ಕೂರುವ ಹೆಂಗಸರು, ಇದ್ದೊಂದು ರೊಟ್ಟಿಯನ್ನು ಕೌದಿಗೆ ಉಣ್ಣಿಸುತ್ತಿದ್ದರು. ದಿನವೂ ಅಲ್ಲಿ ಹೋಗಿ ಕೂರುವ ನನಗೆ ಇದು ಕಂಡಿರಲಿಲ್ಲ.

"ಹೊಲಿಯೂ ಕೈ ಹಸದಿದ್ರ ಕೌದಿ ಹೊಟ್ಟಿ ಹೆಂಗ ತುಂಬತೈತವ್ವಾ?" ಅಖ್ತರಿಯ ದನಿ ಏರಿತು. "ಇವತ್ತಿನಿಂದ ಕೌದಿ ಹಾಸಿ, ರೊಟ್ಟಿ ಅದರ ಮುಂದ ಇಡೂಣು. ಕೌದಿ ಹೆಸರಲೆ ನಾವೆಲ್ಲಾರೂ ಉಣ್ಣೂಣು. ಎಲ್ಲಾರೂ ಉಂಡ ಮ್ಯಾಲೆ ನೀ ಮೂಲಿ ಮುಚ್ಚು. ಆಕ್ಕೈತೋ ಇಲ್ಲೋ?"

ದಾನವ್ವ ಕೌದಿಯ ಬಿಚ್ಚಿದ ಮೂಲೆಯನ್ನು ಕೈಯಿಂದ ಸವರಿದಳು. "ಎಲ್ಲಾರೂ ಅಂದ್ರ ಎಲ್ಲಾರೂ ಉಣ್ಣಬೇಕು. ಒಬ್ಬರು ಬಿಟ್ರೂ ಮುಚ್ಚಂಗಿಲ್ಲ ಮತ್ತ," ಎಂದಳು.

ಮಾರನೆಯ ದಿನ ಶೆಟ್ಟರ ಕೌಂಟರಿನ ಮುಂದೆ ಅಖ್ತರಿ ಹೇಳಿದ್ದು ಕೇಳಿ ನಾನೇ ಬೆಚ್ಚಿದೆ. ಕ್ಷಮೆ ಕೇಳಲು ಹೋದವಳು, ಇನ್ನು ಮೇಲೆ ಕೌದಿಯ ರೇಟಿನಲ್ಲಿ ಹೊಲಿಯುವವರ ಊಟವೂ ಸೇರುತ್ತದೆ ಎಂದಳು.

"ಇರುವೆ ಬಿಟ್ಟದ್ದು ನೀವು, ಊಟ ಹಾಕಬೇಕಾದ್ದು ನಾನಾ?" ಎಂದರು ಶೆಟ್ಟರು.

"ಹೌದ್ರಿ," ಎಂದಳು ಅಖ್ತರಿ, ಕಣ್ಣು ಮಿಟುಕಿಸದೆ. "ನಿಮ್ಮ ಹೋಟೆಲಿನ್ಯಾಗ ಅಡಗಿ ಮಾಡಾವ್ರು ಉಪಾಸ ಇದ್ದು ಮಾಡ್ತಾರೇನ್ರಿ?"

ಶೆಟ್ಟರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಕೊನೆಗೆ ಅವರು, ತಾವೇ ಬಂದು ನೋಡುತ್ತೇವೆ, ಕೌದಿಯೊಳಗೆ ಏನೂ ಇಲ್ಲವೆಂದು ಕಣ್ಣಾರೆ ಕಂಡರೆ ಮಾತ್ರ ಉಳಿದ ಆರ್ಡರು, ಊಟದ ದುಡ್ಡು ಎಲ್ಲ ಎಂದರು.

ಬಂದರು, ಟೆಂಪೋ ತೆಗೆದುಕೊಂಡೇ ಬಂದರು. ಒಂಬತ್ತು ಕೌದಿಗಳ ಮೂಲೆ ಮುಚ್ಚಿತ್ತು, ಹತ್ತನೆಯದು ನೆಲದ ಮೇಲೆ ಹಾಸಿತ್ತು. ಹೆಂಗಸರು ಉಂಡು ಕೈ ತೊಳೆದಿದ್ದರು. ಶೆಟ್ಟರು ಒಂದೊಂದು ಮೂಲೆಯನ್ನೂ ಹಿಸುಕಿ ನೋಡಿ, "ಸರಿ ಉಂಟು. ಬೇಗ ಮುಚ್ಚಿ, ಟೆಂಪೋ ದಾರಿಗೆ ಅಡ್ಡ ನಿಂತಿದೆ" ಎಂದರು.

ದಾನವ್ವ ಸೂಜಿಗೆ ದಾರ ಪೋಣಿಸಿ, ಕೌದಿಯನ್ನು ತಟ್ಟಿ, "ಉಂಡ್ಯಾ?" ಎಂದು ಕೇಳಿದಳು. ಆಮೇಲೆ ತಲೆಯೆತ್ತಿ ಅಖ್ತರಿಯನ್ನು ನೋಡಿದಳು.

"ನೀ?"

ರೊಟ್ಟಿ ತಂದವಳು, ಬಡಿಸಿದವಳು, ಟೆಂಪೋಗೆ ಜಾಗ ಮಾಡಿಸಿದವಳು ಅಖ್ತರಿ. ಉಂಡಿರಲಿಲ್ಲ.

"ಆಮ್ಯಾಲ ಉಣತೇನವ್ವಾ, ಶೆಟ್ಟರು ನಿಂತಾರ..."

ದಾನವ್ವ ಸೂಜಿ ಕೆಳಗಿಟ್ಟಳು. ಹೊರಗೆ ಯಾರದೋ ಟ್ರಕ್ಕು ಹಾರ್ನ್ ಬಾರಿಸತೊಡಗಿತು. ಅಖ್ತರಿ ನಿಂತಲ್ಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ಕುಂತು ಉಣ್ಣು," ಎಂದಳು ದಾನವ್ವ.

ಅಖ್ತರಿ ಕೂತಳು. ರೊಟ್ಟಿ ಮುರಿದು ಚಟ್ನಿಗೆ ಅದ್ದಿ ನಿಧಾನವಾಗಿ ಉಣ್ಣತೊಡಗಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಚಟ್ನಿಯ ಖಾರಕ್ಕಲ್ಲ. ಶೆಟ್ಟರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಟೆಂಪೋ ಹಿಂದೆ ತೆಗೆಯಲು ಡ್ರೈವರನಿಗೆ ಕೂಗಿ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಪಕ್ಕದಲ್ಲಿ ಕೂತರು.

"ನಂಗೂ ಒಂದು ಕೊಡಿಯಮ್ಮ," ಎಂದರು. "ಗಿರಾಕಿಗಳಿಗೆ ಇದನ್ನು ಹೊದಿಸುವವನು ನಾನಲ್ವಾ?"

ದಾನವ್ವ ಅವರ ಕೈಗೂ ಒಂದು ರೊಟ್ಟಿ ಕೊಟ್ಟು, ಇಬ್ಬರೂ ಉಂಡು ಮುಗಿಸುವ ತನಕ ಕಾದು, ಸೂಜಿ ಎತ್ತಿಕೊಂಡಳು.