ಕೊನೆಯ ಚಿತ್ರ ಬರಲಿ

ಸ್ಕ್ಯಾನ್ ಡಾಕ್ಟರ್ ತ್ಸೆಂಡ್‌ಮಾ ಅವರಿಗೆ ಜಂಬ ಜಾಸ್ತಿ ಎಂದೇ ನಾನು ಬಹಳ ಕಾಲ ನಂಬಿದ್ದೆ. ಯಾರು ಏನು ಕೇಳಿದರೂ ಪರದೆಯಿಂದ ಕಣ್ಣು ಕೀಳದೆ, "ಕೊನೇ ಚಿತ್ರ ಬರಲಿ" ಅನ್ನುತ್ತಿದ್ದರು. ಒಮ್ಮೆ ಎದುರಿಗೆ ಸಿಕ್ಕಾಗ ನಮ್ಮ ಮಂಗೋಲಿಯದ ವಾಡಿಕೆಯಂತೆ, "ಕುರಿಗಳು ಚೆನ್ನಾಗಿ ಕೊಬ್ಬಿವೆಯಾ?" ಎಂದು ಕುಶಲ ವಿಚಾರಿಸಿದೆ. "ನಾನು ಕುರಿ ಸಾಕಿಲ್ಲ" ಎಂದು ಹೊರಟೇಹೋದರು. ಪತ್ರಿಕೆಯ ಸಂಪಾದಕನಿಗೆ ಕೊಡುವ ಉತ್ತರವೇ ಇದು! ನಮ್ಮ ಪತ್ರಿಕೆಗೆ ನಾಲ್ಕು ಪುಟ. ಒಂದು ಪುಟ ಬರೀ ಹವಾಮಾನ.

ಅವರನ್ನು ಹತ್ತಿರದಿಂದ ನೋಡಿದ್ದು ಗೆಳೆಯ ಬಲ್ದೋರ್ಜ್‌ನಿಂದಾಗಿ. ಅವನು ನಮ್ಮ ಪ್ರಾಂತ್ಯದ ಕುಸ್ತಿಯಲ್ಲಿ 'ಸಿಂಹ' ಬಿರುದು ಗೆದ್ದವನು. ಅಂಗಡಿ ಬಾಗಿಲನ್ನೂ ತೋಳು ಹರಡಿಕೊಂಡೇ ದಾಟುವವನು. ಅವನ ಯಕೃತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹೋದ ಚಳಿಗಾಲದಲ್ಲಿ ಅವನಣ್ಣನನ್ನು ಒಯ್ದದ್ದು ಯಕೃತ್ತಿನ ಕ್ಯಾನ್ಸರ್. ಮಂಗೋಲಿಯದಲ್ಲಿ ಆ ಕಾಯಿಲೆ ತಟ್ಟದ ಬಂಧುಬಳಗ ಕಡಿಮೆ.

ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು.

"ಏನಾದ್ರೂ ತಿಂದ್ರಾ?" ಎಂದರು ಡಾಕ್ಟರ್.

"ಇಲ್ಲ ಡಾಕ್ಟರಮ್ಮ. ಬರೀ ಚಹಾ."

"ಚಹಾದಲ್ಲಿ ಏನಿತ್ತು?"

"ಇರೋದೇ. ಹಾಲು, ಉಪ್ಪು, ಬೆಣ್ಣೆ..."

"ಆಮೇಲೆ?"

"ಸ್ವಲ್ಪ ಮಾಂಸದ ಕಡುಬು."

ಅವನು ಸುಳ್ಳು ಹೇಳಿರಲಿಲ್ಲ. ಬಟ್ಟಲ ತುಂಬ ಕಡುಬು ತೇಲುತ್ತಿದ್ದರೂ ನಮ್ಮವರ ಲೆಕ್ಕದಲ್ಲಿ ಅದು ಚಹಾವೇ.

"ನಾಳೆ ಬನ್ನಿ."

"ನಾನು ಯಾರು ಗೊತ್ತೇನ್ರೀ?"

"ಗೊತ್ತು. ಹೊಟ್ಟೆ ತುಂಬಿರೋರು."

ಮರುದಿನ ಸಿಂಹ ಹಸಿದ ಹೊಟ್ಟೆಯಲ್ಲಿ ಬಂದು ಮೆತ್ತಗೆ ಮಲಗಿತು. ಚಿತ್ರದಲ್ಲಿ ಬೆಳ್ಳಗೆ ಕಾಣುವ ಮದ್ದನ್ನು ರಕ್ತಕ್ಕೆ ಬಿಟ್ಟರು. ಸಂಪಾದಕನೆಂಬ ಹಕ್ಕಿನಿಂದ ನಾನು ಪರದೆಯ ಕೋಣೆಗೆ ನುಗ್ಗಿದ್ದೆ. ಮೊದಲ ಚಿತ್ರ ಬಂದದ್ದೇ ತಡ, ಕಂಪ್ಯೂಟರ್ ಗಂಟಿನ ಸುತ್ತ ಕೆಂಪು ಉಂಗುರ ಬಿಡಿಸಿ 'ಅನುಮಾನಾಸ್ಪದ' ಎಂದು ಬರೆಯಿತು.

"ಮುಗೀತಾ?" ಎಂದೆ.

"ಅದು ಒಂದೇ ಚಿತ್ರ ನೋಡಿ ಹೇಳ್ತಿದೆ. ಕೂತ್ಕೊಳ್ಳಿ. ಕ್ಯಾನ್ಸರ್ ಆದ್ರೆ ಕಳ್ಳನ ಥರ. ಮದ್ದನ್ನ ತಟ್ಟಂತ ಎಳ್ಕೊಂಡು, ಬೇಗ ಖಾಲಿ ಆಗ್ಬಿಡುತ್ತೆ. ಬರೀ ರಕ್ತನಾಳದ ಗಂಟಾದ್ರೆ ನೆಂಟರ ಥರ. ಅಂಚಿಂದ ನಿಧಾನಕ್ಕೆ ತುಂಬ್ಕೊಂಡು ಕೂತ್ರೆ ಏಳೋದೇ ಇಲ್ಲ."

ದನಿ ತಣ್ಣಗಿತ್ತು. ಆದರೆ ಮೇಜಿನ ಕೆಳಗೆ ಅವರ ಎಡಗೈ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಎರಡನೆಯ ಚಿತ್ರ ಬಂತು. ಗಂಟಿನ ಅಂಚಿನ ಬಿಳುಪು ಒಳಕ್ಕೆ ಹರಿದಿತ್ತು. ಕೈ ಸಡಿಲವಾಗಲಿಲ್ಲ. ಕೊನೆಯದು ಬಂತು. ಗಂಟು ಪೂರ್ತಿ ತುಂಬಿಕೊಂಡು ಹಾಗೇ ಕೂತಿತ್ತು.

ಕೈ ಕುರ್ಚಿಯನ್ನು ಬಿಟ್ಟಿತು. ಡಾಕ್ಟರ್ ಎದ್ದು ಹೊರಗೆ ಬಲ್ದೋರ್ಜ್‌ನ ಬಳಿಗೆ ಹೋದರು.

"ಕ್ಯಾನ್ಸರ್ ಅಲ್ಲ. ಅದರ ಪಾಡಿಗೆ ಅದು ಇರಲಿ."

ಬಲ್ದೋರ್ಜ್ ಬೆಂಚಿನ ಮೇಲೆ ಕುಸಿದು ಟೋಪಿಯಿಂದ ಮುಖ ಮುಚ್ಚಿಕೊಂಡ. ಆ ದೊಡ್ಡ ಹೆಗಲು ಕುಲುಕುತ್ತಿದ್ದಷ್ಟು ಹೊತ್ತೂ ಡಾಕ್ಟರ್ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಟೋಪಿ ತಲೆಗೇರಿತು, ಸಿಂಹವೂ ಮರಳಿತು.

"ಡಾಕ್ಟರಮ್ಮ, ನಿಜ ಹೇಳಿ. ಸಿಂಹದ ಲಿವರ್ರು ಬೇರೆಯವರದಕ್ಕಿಂತ ಬೇರೆ ಥರಾನೇ ಕಾಣುತ್ತೆ ಅಲ್ವಾ?"

"ಕಾಣುತ್ತೆ. ಕೊಬ್ಬು ಜಾಸ್ತಿ. ಆರು ತಿಂಗಳು ಬಿಟ್ಟು ಬನ್ನಿ, ಚಹಾ ಕುಡೀದೆ."