ಯಾರ ಮಗಳು ಎಂದವರಿಗೆ ಅಮ್ಮಾಜಮ್ಮ ಹೇಳಿದ್ದು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕರಲ್ಲಿ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಾದರೂ ನಿಂತು ‘ಪೇಪರ್ ಅಮ್ಮಾಜಮ್ಮ’ ಎಂದು ನೋಡಿ. ಜನ ಮೊದಲು ನಗುತ್ತಾರೆ. ಆಮೇಲೆ, ತಮ್ಮ ವಿಷಯವೇನಾದರೂ ಪೇಪರಿಗೆ ಹೋಗಿಬಿಟ್ಟಿತೇ ಎಂದು ದಿಗಿಲು ಬೀಳುತ್ತಾರೆ.

ಐವತ್ತು ದಾಟಿದ ದುಂಡು ಹೆಂಗಸು. ಹಳೆಯ ಮೊಪೆಡ್ಡು, ಅದರ ಮುಂದಿನ ಚೀಲದಲ್ಲಿ ಸದಾ ಹುರಿದ ಕಡಲೆಕಾಯಿ. ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಬಿಸಿನೀರಿನ ತೊಟ್ಟಿಯ ಮುಂದೆ ಸಾಲಾಗಿ ಕೂತು ಗೂಡಿನಿಂದ ಎಳೆ ಎತ್ತುವ ಹೆಂಗಸರ ನಡುವೆ ಬೆಳೆದವಳು. ಕೈ ಸುಡುತ್ತಿದ್ದರೂ ಬಾಯಿ ಸುಮ್ಮನಿರದ ಆ ಸಾಲಿನಲ್ಲಿ ಊರಿನ ಸುದ್ದಿಯೆಲ್ಲ ಬೇಯುತ್ತಿತ್ತು. ಆ ಕೆಲಸ ಬಿಟ್ಟು ‘ನಾಕೂರ ಸುದ್ದಿ’ ಎಂಬ ಸಂಜೆ ಪತ್ರಿಕೆಗೆ ವರದಿಗಾರ್ತಿಯಾದಾಗ ಅವಳ ತಾಯಿ, “ಇಷ್ಟು ದಿನ ಪುಕ್ಕಟೆ ಮಾಡ್ತಿದ್ದ ಕೆಲ್ಸಕ್ಕೆ ಈಗ ಸಂಬಳ ಕೊಡ್ತಾರಂತೆ” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಅವಳ ವಿದ್ಯೆಯೆಂದರೆ ಒಂದೇ. ಪ್ರಶ್ನೆ ಕೇಳಿ ಕಡಲೆಕಾಯಿ ಸುಲಿಯುತ್ತ ಕೂತುಬಿಡುವುದು. ಟಪ್, ಟಪ್ ಎಂದು ಸಿಪ್ಪೆ ಒಡೆಯುವ ಸದ್ದನ್ನು ಕೇಳಿಕೊಂಡು ಬಹಳ ಹೊತ್ತು ಸುಮ್ಮನಿರುವುದು ಯಾವ ತಹಸೀಲ್ದಾರನಿಂದಲೂ ಆಗಿಲ್ಲ.

ಪತ್ರಿಕೆಯ ಮಾಲೀಕರೂ ಸಂಪಾದಕರೂ ವೆಂಕಟರವಣಪ್ಪ. ಅವರದು ನ್ಯಾಯದ ಹುಚ್ಚು. ಯಾವ ಜಗಳವಾದರೂ ಮುಖಪುಟದಲ್ಲಿ ‘ಎರಡೂ ಕಡೆ’ ಎಂಬ ತಲೆಬರಹದ ಕೆಳಗೆ ಅಕ್ಕಪಕ್ಕ ಎರಡು ಕಾಲಂ ಬರಬೇಕು, ಎರಡೂ ಒಂದೇ ಉದ್ದವಿರಬೇಕು. ಅಚ್ಚಿಗೆ ಹೋಗುವ ಮುಂಚೆ ಸ್ಕೇಲು ಹಿಡಿದು ಅಳೆಯುತ್ತಿದ್ದರು. ಚಿಂತಾಮಣಿಯಲ್ಲಿ ಮೋರಿಗಾಗಿ ಎರಡು ಮನೆಯವರು ಹೊಡೆದಾಡಿಕೊಂಡಾಗ ಒಂದು ಕಡೆಯವರು ಮಿತಭಾಷಿಗಳು. ಅವರ ಕಾಲಂ ಗಿಡ್ಡವಾಯಿತು. ರವಣಪ್ಪ ಆ ಮನೆಯ ಹಸುವಿನ ತಳಿ, ಅದು ಕೊಡುವ ಹಾಲು ಎಲ್ಲವನ್ನೂ ಬರೆಸಿ ಸಮ ಮಾಡಿದರು. ಇನ್ನೊಂದು ನಿಯಮವೂ ಇತ್ತು. ಯಾರ ಸುದ್ದಿ ಬಂದರೂ ಇಂಥ ಊರಿನ ಇಂಥವರ ಮಗ, ಇಂಥವರ ಮಗಳು ಎಂದು ಇರಲೇಬೇಕು. “ಊರು ಗೊತ್ತಿಲ್ದಿದ್ರೆ ನಮ್ಮ ಜನಕ್ಕೆ ಸುದ್ದಿ ಜೀರ್ಣ ಆಗಲ್ಲಮ್ಮ” ಎನ್ನುತ್ತಿದ್ದರು.

ಆ ಎರಡು ನಿಯಮಗಳೂ ಒಟ್ಟಿಗೇ ಪೇಚಿಗೆ ಸಿಕ್ಕಿಕೊಂಡದ್ದು ಮೊನ್ನೆ ಮೊನ್ನೆ, ವಿಶ್ವವಿದ್ಯಾಲಯದ ವಿಷಯದಲ್ಲಿ.

ಹೊಲಗಳ ನಡುವೆ ಗಾಜಿನ ಗೋಡೆ ಎಬ್ಬಿಸಿಕೊಂಡು ನಿಂತಿರುವ ಖಾಸಗಿ ವಿಶ್ವವಿದ್ಯಾಲಯ ಅದು. ಅಲ್ಲಿ ಓದುವ ಹುಡುಗಿಯೊಬ್ಬಳು ದೂರು ಕೊಟ್ಟಿದ್ದಳು. ಪ್ರಾಜೆಕ್ಟ್ ನೋಡುತ್ತೇನೆಂದು ಪ್ರಾಧ್ಯಾಪಕರೊಬ್ಬರು ಪ್ರಯೋಗಾಲಯಕ್ಕೆ ಕರೆದು, ಬಾಗಿಲು ಹಾಕಿ ಮೈಮೇಲೆ ಕೈಹಾಕಿದರು ಎಂದು. ಪೊಲೀಸರಿಗೂ ದೂರು ಹೋಗಿತ್ತು. ಸೋಮವಾರ ವಿಶ್ವವಿದ್ಯಾಲಯದ ದೂರು ಸಮಿತಿ ಇಬ್ಬರ ಹೇಳಿಕೆ ಕೇಳುವುದಿತ್ತು.

ಆ ಹುಡುಗಿಯ ಹೆಸರೂ ಊರೂ ಈ ಕಥೆಯಲ್ಲಿ ಬರುವುದಿಲ್ಲ. ಅದಕ್ಕಾಗಿಯೇ ಕಾದು ಕೂತವರು ಎದ್ದು ಹೋಗಿ ಒಂದು ಕಾಫಿ ಕುಡಿಯಬಹುದು.

ಅವಳೇ ಫೋನ್ ಮಾಡಿ ಅಮ್ಮಾಜಮ್ಮನನ್ನು ಶಿಡ್ಲಘಟ್ಟದ ಒಂದು ಬೇಕರಿಗೆ ಕರೆಸಿಕೊಂಡಳು. ಮುಂದಿದ್ದ ಬನ್ನನ್ನು ಮುಟ್ಟಲಿಲ್ಲ.

“ಕಮಿಟಿ ಮುಂದೆ ಹೇಳಕ್ಕೆ ನಂಗೆ ಭಯ ಇಲ್ಲಮ್ಮ. ಆದ್ರೆ ಪೇಪರ್‌ನಲ್ಲಿ ನಮ್ಮೂರು ಬಂದ್ರೆ ಸಾಕು, ಮಿಕ್ಕಿದ್ದನ್ನ ಬಸ್ಸಲ್ಲೇ ಕಂಡುಹಿಡೀತಾರೆ. ಅಪ್ಪಂಗೆ ಇನ್ನೂ ಹೇಳಿಲ್ಲ. ಊರೋರ ಬಾಯಿಂದ ಕೇಳಿದ್ರೆ ಓದು ಬಿಡಿಸಿ ಕರ್ಕೊಂಡು ಹೋಗ್ತಾರೆ. ಹಂಗಾಗೋದಾದ್ರೆ ನಾನೇ ಕಂಪ್ಲೇಂಟ್ ವಾಪಸ್ ತಗೊಂಬಿಡ್ತೀನಿ.”

“ತಗೋಬೇಡ ಕಣಮ್ಮ,” ಎಂದಳು ಅಮ್ಮಾಜಮ್ಮ. “ನಿಮ್ಮೂರು ನನ್ನ ಹತ್ರ ಭದ್ರವಾಗಿರ್ತದೆ. ನೀನು ಬನ್ ತಿನ್ನು.”

ಅಲ್ಲಿಂದ ಪ್ರಾಧ್ಯಾಪಕರಿಗೂ ಫೋನ್ ಮಾಡಿದಳು. ಎಲ್ಲ ಸುಳ್ಳು, ಬಾಗಿಲು ತೆರೆದೇ ಇತ್ತು ಎಂದರು ಅವರು. ಅದನ್ನೂ ಗುರುತು ಹಾಕಿಕೊಂಡು ಚಿಕ್ಕಬಳ್ಳಾಪುರದ ಕಚೇರಿಗೆ ಬಂದಳು.

ರವಣಪ್ಪ ಸ್ಕೇಲು ಹಿಡಿದೇ ಕೂತಿದ್ದರು. “ಹೆಸರು ಹಾಕಂಗಿಲ್ಲ, ಕಾನೂನು ನಂಗೂ ಗೊತ್ತು. ಊರು, ತಂದೆ ಏನ್ ಮಾಡ್ತಾರೆ, ಎಷ್ಟನೇ ವರ್ಷ ಓದ್ತಾಳೆ, ಇಷ್ಟು ಹಾಕಣ.”

“ಅಷ್ಟು ಹಾಕಿದ್ಮೇಲೆ ಹೆಸರೊಂದು ಯಾಕೆ ಉಳಿಸ್ತೀರ ರವಣಪ್ಪನೋರೆ? ಮನೆಗೆ ದಾರಿ ತೋರ್ಸೋ ನಕ್ಷೇನೂ ಹಾಕ್ಬಿಡಿ.”

“ಮತ್ತೆ ಊರಿಲ್ದೆ ಸುದ್ದಿ ಹೆಂಗಮ್ಮಾ?” ಎಂದು ಅವರು ನಿಜಕ್ಕೂ ಸಂಕಟಪಡುತ್ತಿರುವಾಗಲೇ ವಿಶ್ವವಿದ್ಯಾಲಯದ ಕುಲಸಚಿವ ರಮೇಶ್‌ಬಾಬು ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

“ನೀವು ಎರಡೂ ಕಡೆ ಹಾಕ್ತೀರಂತೆ. ನಮ್ಮ ಕಡೇದೂ ಹಾಕಿ, ಅಷ್ಟೇ ಸಾಕು. ಆ ಹುಡುಗಿ ಸಂಜೆ ಐದು ಗಂಟೆಗೆ ಒಬ್ಳೇ ಅಲ್ಲಿಗೆ ಯಾಕೆ ಹೋದ್ಳು? ಯಾವ ಥರದ ಬಟ್ಟೆ ಹಾಕಿದ್ಳು? ಹಾಜರಿ ಎಷ್ಟಿದೆ? ಎಷ್ಟು ಜನ ಬಾಯ್‌ಫ್ರೆಂಡ್ಸು? ಜನಕ್ಕೆ ಇದೂ ಗೊತ್ತಾಗ್ಲಿ.”

ಎರಡೂ ಕಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ರವಣಪ್ಪನವರ ಮುಖ ಅರಳಿತು. “ನ್ಯಾಯವಾದ ಮಾತು,” ಎಂದುಬಿಟ್ಟರು.

“ನ್ಯಾಯವೇ,” ಎಂದಳು ಅಮ್ಮಾಜಮ್ಮ. “ಹಾಕಣ ಸಾರ್. ಅಳತೆ ಮಾತ್ರ ಒಂದೇ ಇರ್ಬೇಕು, ಅದು ನಮ್ಮ ಪೇಪರಿನ ಪದ್ಧತಿ. ನಿಮ್ಮ ಪ್ರೊಫೆಸರು ಸಂಜೆ ಐದು ಗಂಟೆಗೆ ಅಲ್ಲಿ ಒಬ್ರೇ ಯಾಕಿದ್ರು? ಮನೇಲಿ ಹೇಳಿ ಬಂದಿದ್ರಾ? ಯಾವ ಥರದ ಪ್ಯಾಂಟು ಹಾಕಿದ್ರು, ಬಿಗೀದೋ ಸಡಿಲದ್ದೋ? ಅವ್ರು ಓದೋವಾಗ ಹಾಜರಿ ಎಷ್ಟಿತ್ತು? ಗೆಳತೀರು ಎಷ್ಟು ಜನ?”

“ಏನ್ರೀ ಇದು! ಮರ್ಯಾದಸ್ಥರನ್ನ ಕೇಳೋ ಪ್ರಶ್ನೇನಾ?”

ಅಮ್ಮಾಜಮ್ಮ ಚೀಲಕ್ಕೆ ಕೈಹಾಕಿದಳು. ಟಪ್. ಟಪ್.

ರಮೇಶ್‌ಬಾಬು ರವಣಪ್ಪನವರ ಕಡೆ ತಿರುಗಿದರು. ಆದರೆ ರವಣಪ್ಪ ತಮಾಷೆಯ ಮನುಷ್ಯರಲ್ಲ. ಅವರು ಸ್ಕೇಲನ್ನು ಹಾಳೆಯ ಮೇಲಿಟ್ಟು ಗಂಭೀರವಾಗಿ ಯೋಚಿಸುತ್ತಿದ್ದರು. “ಸಾರ್, ಪ್ಯಾಂಟಿನ ವಿಷ್ಯ ನೀವು ಹೇಳ್ದಿದ್ರೆ ಆ ಕಡೆ ಕಾಲಂ ನಾಲ್ಕು ಸಾಲು ಗಿಡ್ಡ ಆಗ್ತದಲ್ಲ. ಏನ್ ಮಾಡಣ? ಬಣ್ಣವಾದ್ರೂ ಹೇಳಿ.”

ಟಪ್.

“ನಮ್ದು ಏನೂ ಹಾಕ್ಬೇಡಿ!” ಎಂದು ಕುಲಸಚಿವರು ಎದ್ದು ಹೊರಟೇಹೋದರು.

ಅಂದು ಸಂಜೆ ಬಂದ ‘ಎರಡೂ ಕಡೆ’ ಪತ್ರಿಕೆಯ ಚರಿತ್ರೆಯಲ್ಲೇ ಚಿಕ್ಕದು. ಒಂದು ಕಡೆ ದೂರಿನಲ್ಲಿ ಏನಿದೆ ಎಂಬುದು, ಇನ್ನೊಂದು ಕಡೆ ಪ್ರಾಧ್ಯಾಪಕರು ಅದನ್ನು ಅಲ್ಲಗಳೆದದ್ದು. ಸೋಮವಾರ ಸಮಿತಿ ಇಬ್ಬರನ್ನೂ ಕೇಳಲಿದೆ. ಅವಳ ಹೆಸರಿಲ್ಲ, ಅವರ ಹೆಸರೂ ಇಲ್ಲ. ಅವಳ ಊರಿಲ್ಲ, ಅವರದೂ ಇಲ್ಲ. ರವಣಪ್ಪ ಅಳೆದು ನೋಡಿ, “ಸಮ ಇದೆ ಬಿಡು. ಆದ್ರೆ ಉಪ್ಪಿಲ್ದ ಸಾರು ಉಂಡಂಗಿದೆ” ಎಂದರು.

ನಾಲ್ಕೂರುಗಳಿಗೂ ಹಾಗೇ ಅನ್ನಿಸಿತು. ಮಾರನೆಯ ಬೆಳಗಿನಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಯಾವೂರು? ಯಾರ ಮಗಳು? ಚಿಂತಾಮಣಿಯ ಟೀ ಅಂಗಡಿಯಲ್ಲಿ ಮೊಪೆಡ್ ನಿಲ್ಲಿಸುವ ಮುಂಚೆಯೇ “ಎವರಿ ಬಿಡ್ಡಮ್ಮಾ?” ಎಂದು ಅದನ್ನೇ ತೆಲುಗಿನಲ್ಲಿ ಕೇಳಿದರು. ಚಿಕ್ಕಬಳ್ಳಾಪುರದ ಹತ್ತಿರದ ಪೆರೇಸಂದ್ರದವರು ಗೌರಿಬಿದನೂರಿನ ಕಡೆಯವಳೆಂದರು. ಗೌರಿಬಿದನೂರಿನವರು ಪೆರೇಸಂದ್ರದವಳೇ ಎಂದು ಆಣೆ ಇಟ್ಟರು. ಹೀಗೆ ಒಂದೊಂದೇ ಊರನ್ನು ಬಾಯಿಗೆ ಹಾಕಿಕೊಳ್ಳುತ್ತ, ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬ ನಿಜವಾದ ಊರಿನ ಹೆಸರನ್ನೂ ಅಂದುಬಿಟ್ಟ. ಅಮ್ಮಾಜಮ್ಮ ಲೆಕ್ಕ ಹಾಕಿದಳು. ಇನ್ನು ಸುಮ್ಮನಿದ್ದರೆ ಸೋಮವಾರದ ಮುಂಚೆಯೇ ಮನೆ ಬಾಗಿಲಿಗೆ ಹೋಗುತ್ತಾರೆ, ಹುಡುಗಿ ದೂರು ವಾಪಸ್ ತೆಗೆದುಕೊಳ್ಳುತ್ತಾಳೆ.

ಅಷ್ಟರಲ್ಲಿ ಗೌರಿಬಿದನೂರಿನ ಕಡೆಯ ಜಮೀನುದಾರ, ಹಾಲಿನ ಡೇರಿಯ ಅಧ್ಯಕ್ಷ ಆವಲಪ್ಪ ಅಡ್ಡ ನಿಂತರು.

“ಏನಮ್ಮಾ ಅಮ್ಮಾಜಮ್ಮ, ನಿಂಗೆ ಗೊತ್ತಿರ್ತದೆ. ಯಾರ ಮಗಳಂತೆ? ನನ್ನೊಬ್ನಿಗೆ ಹೇಳು, ಯಾರಿಗೂ ಹೇಳಲ್ಲ.”

ಅಮ್ಮಾಜಮ್ಮ ಆಚೀಚೆ ನೋಡಿದಳು. ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಕಿವಿಯ ಹತ್ತಿರ ಬಾಯಿಟ್ಟು, “ಹೆಂಗೆ ಹೇಳ್ಲಪ್ಪ... ನಿಮ್ಮ ಕಡೆ ಸಂಬಂಧವೇ ಆಗ್ತದಂತೆ,” ಎಂದಳು.

ಆವಲಪ್ಪ ಸರಕ್ಕನೆ ಹಿಂದೆ ಸರಿದರು. “ನಮ್ಮ... ಕಡೆ?”

“ಹತ್ರದ್ದೋ ದೂರದ್ದೋ ನಂಗೊತ್ತಿಲ್ಲ. ಯಾರ ಮುಂದೂ ಎತ್ಬೇಡಿ.”

“ನಾನ್ಯಾಕೆ ಎತ್ತಲಿ!” ಎಂದು ಅವರು ಡೇರಿಗೆ ಹೋದರು. ಅಲ್ಲಿ ಅದೇ ವಿಷಯ ಆಡಿಕೊಳ್ಳುತ್ತಿದ್ದ ಹಾಲಿನವರಿಗೆ, “ಕೆಲ್ಸ ಇಲ್ವೇನ್ರೋ ನಿಮ್ಗೆ? ಹೆಣ್ಮಕ್ಳ ವಿಷ್ಯ ಮಾತಾಡಕ್ಕೆ ನಾಚಿಕೆ ಆಗಲ್ವಾ?” ಎಂದು ಗದರಿದರು. ಗಂಟೆಯ ಹಿಂದೆ ಆ ಮಾತನ್ನು ಶುರು ಮಾಡಿದವರೇ ಅವರು.

ಮದ್ದು ನಾಟಿತು. ಚಿಕ್ಕಬಳ್ಳಾಪುರದಲ್ಲಿ ನಿವೃತ್ತ ಮೇಷ್ಟ್ರು ಬಯ್ಯಪ್ಪ ಕೇಳಿದರು. ಬುದ್ಧವಿಹಾರಕ್ಕೆ ತಪ್ಪದೆ ಹೋಗುವ, ಪೇಪರನ್ನು ಜಾಹೀರಾತು ಬಿಡದೆ ಓದುವ ಮನುಷ್ಯ. ಅವರ ಕಿವಿಗೂ ಅದೇ ಮಾತು. ಚಿಂತಾಮಣಿಯ ಟೀ ಅಂಗಡಿಯ ಕೋನಪ್ಪನಿಗೂ ಅದೇ ಮಾತು. ಒಂದೇ ಹುಡುಗಿ ಅಷ್ಟು ಜಾತಿಯ ಅಷ್ಟು ಮನೆಗಳಿಗೆ ಹೇಗೆ ಸಂಬಂಧವಾಗುತ್ತಾಳೆ ಎಂದು ಕೇಳಬೇಡಿ. ಅವರೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ಅಮ್ಮಾಜಮ್ಮ ನಂಬಿದ್ದೂ ಅದನ್ನೇ.

ಶುಕ್ರವಾರದ ಹೊತ್ತಿಗೆ ನಾಲ್ಕೂರುಗಳಲ್ಲಿ ಆ ಮಾತೇ ಇಲ್ಲ. ಆದರೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಫೋನುಗಳಿಗೆ ಬಿಡುವಿಲ್ಲ. ಹುಟ್ಟುಹಬ್ಬಕ್ಕೂ ಫೋನ್ ಮಾಡದ ಚಿಕ್ಕಪ್ಪ, ಮಾವಂದಿರೆಲ್ಲ “ಊಟ ಆಯ್ತಾ ಕಂದಾ? ಏನಾದ್ರೂ ಇದ್ರೆ ಹೇಳಮ್ಮಾ, ಬೈಯಲ್ಲ” ಎನ್ನುತ್ತಿದ್ದಾರೆ. ಹುಡುಗಿಯರಿಗೆ ಕಕ್ಕಾಬಿಕ್ಕಿ. ಕೋನಪ್ಪ ಮಾತ್ರ ತಂಗಿಯ ಮಗಳ ಸೂಟ್‌ಕೇಸು ಕಟ್ಟಿಸಿ ಕರೆತರಲು ಆಟೊ ಹತ್ತಿದ್ದ. ಅಮ್ಮಾಜಮ್ಮ ಮೊಪೆಡ್ಡನ್ನು ಆಟೊದ ಮುಂದೆ ಅಡ್ಡ ಹಾಕಿದಳು. “ಓದೋ ಮಗೂನ ಯಾಕೋ ಕರ್ಕೊಂಡು ಬರ್ತೀಯ? ತಪ್ಪು ಮಾಡಿದ್ದು ಅವ್ಳಾ? ಅಷ್ಟು ರೋಷ ಇದ್ರೆ ಸೋಮವಾರ ಗೇಟ್ ಹತ್ರ ಬಂದು ನಿಂತ್ಕೊ. ಬಾಯಿ ಮುಚ್ಕೊಂಡು ನಿಂತ್ಕೊ!”

ಆ ವಾರ ಅವಳನ್ನು ಕೇಳಿದವರಲ್ಲಿ ಆ ಹುಡುಗಿಯ ತಂದೆಯೂ ಒಬ್ಬರು. ಅವರಿಗೇನೂ ಗೊತ್ತಿರಲಿಲ್ಲ, ಎಲ್ಲರಂತೆ ಕೇಳಿದರು. ಅಷ್ಟೂ ಜನರಿಗೆ ಸುಳ್ಳಾದ ಮಾತು ಇವರೊಬ್ಬರಿಗೆ ನಿಜ. ಬೇರೆ ಏನಾದರೂ ಹೇಳಿದರೆ ಅನುಮಾನ ಬರುತ್ತದೆ. ಅದನ್ನೇ ಹೇಳಿದಳು. ಅವರು, “ಯಾರಾದ್ರೂ ಆಗ್ಲಿ. ಅಷ್ಟು ಜನ ದೊಡ್ಡೋರ ಮುಂದೆ ಒಂದೇ ಮಗು ಹೆಂಗೆ ಬಾಯಿಬಿಡ್ತದೆ ಪಾಪ” ಎಂದರು. ‘ನಿಮ್ಮ ಮಗಳೇ’ ಎಂಬ ಮಾತು ಅಮ್ಮಾಜಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದು ತಾನು ಹೇಳುವ ಸುದ್ದಿಯಲ್ಲ ಎಂದು ನುಂಗಿಕೊಂಡಳು.

ಸೋಮವಾರ ಬೆಳಗ್ಗೆ ವಿಶ್ವವಿದ್ಯಾಲಯದ ಗೇಟಿನ ಮುಂದೆ ಜಾತ್ರೆಯಷ್ಟು ಜನ, ಅಮ್ಮಾಜಮ್ಮನ ಕಿವಿಮಾತು ಕೇಳಿದವರೆಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ. ಬಿಳಿ ಪಂಚೆ, ಮಾಸಿದ ಪ್ಯಾಂಟು, ಹೆಗಲ ಮೇಲೆ ಟವೆಲು. ಎಲ್ಲರೂ ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ನಿಂತಿದ್ದಾರೆ.

“ಮೇಷ್ಟ್ರು ಇಲ್ಲಿ?” ಎಂದರು ಆವಲಪ್ಪ.

“ಸುಮ್ನೆ ಈ ಕಡೆ ವಾಕಿಂಗ್ ಬಂದೆ,” ಎಂದರು ಬಯ್ಯಪ್ಪ.

“ಚಿಕ್ಕಬಳ್ಳಾಪುರದಿಂದ?”

“ಡಾಕ್ಟ್ರು ದೂರ ನಡೀರಿ ಅಂದವ್ರೆ. ನೀವು?”

“ಹಸು ನೋಡಕ್ಕೆ.”

“ಯೂನಿವರ್ಸಿಟೀಲಿ?”

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಕೆಮ್ಮಿದರು.

ರಮೇಶ್‌ಬಾಬು ಗೇಟಿಗೆ ಓಡಿಬಂದರು. “ಏನ್ ಬೇಕು ನಿಮ್ಗೆಲ್ಲ?”

“ಏನೂ ಬೇಡ ಸಾರ್,” ಎಂದರು ಬಯ್ಯಪ್ಪ. “ನಿಮ್ಮ ಮೇಷ್ಟ್ರ ಮಾತೂ ಕೇಳಿ, ಮಗೂನ ಮಾತೂ ಕೇಳಿ. ಪೂರ್ತಿ ಕೇಳಿ. ಅಲ್ಲಿವರೆಗೆ ಇಲ್ಲೇ ಇರ್ತೀವಿ.”

ಹತ್ತು ಗಂಟೆಗೆ ಹಾಸ್ಟೆಲಿನಿಂದ ಹುಡುಗಿಯರ ಗುಂಪು ಬಂತು. ಸಮಿತಿಯ ಕೋಣೆಗೂ ತರಗತಿಗೂ ಗೇಟಿನ ಮುಂದಿನ ಅದೇ ದಾರಿ. ಗುಂಪಿನ ನಡುವೆ ಇದ್ದವಳು ಜನರ ಕಡೆ ನೋಡಿದಳು, ಅಪ್ಪನನ್ನು ಕಂಡಳು. ಅಲ್ಲೇ ನಿಂತಳು. ಪಕ್ಕದಲ್ಲೇ ಇದ್ದ ಅಮ್ಮಾಜಮ್ಮ ಸುಲಿಯುತ್ತಿದ್ದ ಕಡಲೆಕಾಯಿಯನ್ನು ಚೀಲಕ್ಕೆ ಹಾಕಿದಳು. ಹುಡುಗಿ ಈಗ ತಿರುಗಿ ಹಾಸ್ಟೆಲಿಗೆ ಹೋದರೆ ಎಲ್ಲ ಮುಗಿಯಿತು.

ಅಪ್ಪನಿಗೂ ಮಗಳು ಕಂಡಳು. “ಕ್ಲಾಸಿಗೆ ಹೊತ್ತಾಗಲ್ವೇನಮ್ಮ?” ಎಂದು ಕೂಗಿದರು. ಆಮೇಲೆ ತಾನು ಇಲ್ಲೇಕೆ ಎಂದು ಹೇಳದಿದ್ದರೆ ಸರಿಯಲ್ಲವೆಂದು, ಸಂಕೋಚದಿಂದ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ನಮ್ಮ ಕಡೆ ಮಗು ಒಂದು ಇವತ್ತು ಮಾತಾಡ್ಬೇಕಂತೆ. ಹೆದರ್ಕೊಂಡು ಹಿಂದೆ ಹೋಗ್ಬಾರ್ದಲ್ಲ, ಅದಕ್ಕೆ ಬಂದೆ.”

ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. “ಇಲ್ಲೇ ಇರ್ತೀಯಾ ಅಪ್ಪ?”

“ಮುಗಿಯೋ ತನಕ.”

ಅವಳು ಗೆಳತಿಯರ ಜೊತೆ ಒಳಗೆ ಹೋದಳು. ಮಧ್ಯಾಹ್ನದವರೆಗೂ ಹೇಳಿದಳು. ಆಮೇಲೆ ಪ್ರಾಧ್ಯಾಪಕರನ್ನೂ ಕರೆದರು. ಸಮಿತಿ ಏನು ತೀರ್ಮಾನಿಸುತ್ತದೋ ಅದಕ್ಕಿನ್ನೂ ಸಮಯವಿದೆ, ಅದನ್ನು ರವಣಪ್ಪನವರ ಪೇಪರೂ ಮುಂಚಿತವಾಗಿ ಹೇಳಲಿಲ್ಲ.

ಹುಡುಗಿ ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. ಒಬ್ಬರೂ ಕದಲಿರಲಿಲ್ಲ. ಅವಳು ನೇರವಾಗಿ ಅಪ್ಪನ ಹತ್ತಿರ ಹೋಗಿ, ಟವೆಲಿನ ತುದಿ ಹಿಡಿದು, “ಅಪ್ಪ, ಅದು ನಾನೇ,” ಎಂದಳು.

ಪಿಸುಮಾತೇ. ಆದರೆ ಅಷ್ಟು ನಿಶ್ಶಬ್ದದಲ್ಲಿ ಸುತ್ತ ನಿಂತವರಿಗೆ ಕೇಳಿಸದೆ ಇರುತ್ತದೆಯೇ? ವಾರವಿಡೀ ಆ ಒಂದು ಗುಟ್ಟಿಗಾಗಿ ಪ್ರಾಣ ಬಿಟ್ಟಿದ್ದವರು ಅವರು. ಮೊದಲು ಬಯ್ಯಪ್ಪ ಬೆನ್ನು ತಿರುಗಿಸಿದರು. ಕೋನಪ್ಪ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದ. ಒಬ್ಬೊಬ್ಬರಾಗಿ ಎಲ್ಲರೂ ರಸ್ತೆಯ ಕಡೆ ಮುಖ ಮಾಡಿದರು. ಅವರ ಬೆನ್ನ ಹಿಂದೆ ತಂದೆಯ ಕೈ ಮಗಳ ತಲೆಯ ಮೇಲೆ ಬಂದು ಕೂತದ್ದನ್ನು ಅಮ್ಮಾಜಮ್ಮ ಒಬ್ಬಳೇ ನೋಡಿದಳು, ಬರೆಯಲಿಲ್ಲ.

“ಮಳೆ ಬರಂಗದೆ ಮೇಷ್ಟ್ರೇ,” ಎಂದರು ಆವಲಪ್ಪ.

ಬಯ್ಯಪ್ಪ ಒಂದು ಮೋಡವೂ ಇಲ್ಲದ ಆಕಾಶವನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಬರ್ತದೆ ಬರ್ತದೆ,” ಎಂದರು. “ಜೋರಾಗೇ ಬರ್ತದೆ.”